ಒಗರು ಇಳಿಯುವವರೆಗೆ

"ಬಾಟಲಿ ಇಲ್ಲೇ ಓಪನ್ ಮಾಡಿ. ಎಲ್ಲರ ಎದುರಿಗೆ."

ಆ ದನಿಗೆ ಅನಂತ್‌ನ ಕೈ ಪೆಟ್ಟಿಗೆಯ ಮೇಲೆಯೇ ನಿಂತಿತು. ಫಿಲೋಮಿನಾ...! ವೆಸ್ಟ್‌ಲ್ಯಾಂಡ್ಸ್ ಬಡಾವಣೆಯ ಈ ಹೋಟೆಲಿಗೆ ವೈನ್ ಆರಿಸುವವಳು ಅವಳೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಅವನು ವೈನ್ ಮಾರಲು ಬರುವುದು ಅವಳಿಗೆ ಗೊತ್ತಿತ್ತು. ವಾರದಿಂದ ಹಲ್ಲು ಕಚ್ಚಿ ಕಾದಿದ್ದಳು.

ನಾಲ್ಕು ವರ್ಷದ ಹಿಂದೆ, 1989ರಲ್ಲಿ, ಇದೇ ಊರಿನ ಲಂಗಾಟಾದ ಇಟಾಲಿಯನ್ ರೆಸ್ಟೋರೆಂಟಿನಲ್ಲಿ ಅವಳು ಬಡಿಸುವವಳು, ಅವನು ವೈನ್ ಉಗ್ರಾಣದವನು. ಒಂದು ದಿನ ಅಲ್ಯಾನಿಕೋ ಎಂಬ ದಕ್ಷಿಣ ಇಟಲಿಯ ಕರಿದ್ರಾಕ್ಷಿಯ ವೈನ್ ಬಂತು. ರುಚಿ ನೋಡಿದಳು. ಎಳೆ ಗೇರುಹಣ್ಣು ಕಚ್ಚಿದಂತೆ ನಾಲಿಗೆ ಹಿಡಿದುಕೊಂಡಿತು. ಅವಳು ಕಂಡಿದ್ದುದು ಕ್ರಿಸ್‌ಮಸ್‌ಗೆಂದು ಅಮ್ಮ ಸಕ್ಕರೆ, ಲವಂಗ ಹಾಕಿ ಭರಣಿಯಲ್ಲಿಡುತ್ತಿದ್ದ ಸಿಹಿ ವೈನನ್ನು ಮಾತ್ರ. ಇದು ಕೆಟ್ಟಿದೆ, ಬಡಿಸಿದರೆ ಮಾನ ಹೋಗುತ್ತದೆಂದು ಆರು ಬಾಟಲಿ ಸಿಂಕಿಗೆ ಸುರಿದಳು.

ಮಾಲೀಕ ಅತಿಥಿಗಳೆದುರೇ ಅವಳ ಏಪ್ರನ್ ಬಿಚ್ಚಿಸಿದ. ನಿನ್ನಮ್ಮನ ಸಕ್ಕರೆ ನೀರು ಕುಡಿ ಹೋಗು ಎಂದ. ಎಲ್ಲರೂ ನಕ್ಕರು. ಅನಂತ್ ನೆಲ ನೋಡುತ್ತ ನಿಂತ. ಹಿಂದಿನ ಭಾನುವಾರವಷ್ಟೇ, ನಿಮ್ಮನೆಗೆ ಬಂದು ಮದುವೆ ಮಾತಾಡಲೇ ಎಂದು ಕೇಳಿದ್ದವನು!

ನಕ್ಕವರನ್ನು ಮರೆಯಬಹುದು. ಸುಮ್ಮನೆ ನಿಂತವನನ್ನು?

ಆ ಹಠಕ್ಕೆ ಬಿದ್ದು ವೈನಿನ ವಿದ್ಯೆ ಕಲಿತಳು. ಉಳಿದ ದ್ರಾಕ್ಷಿಗಳ ಕೊಯ್ಲು ಮುಗಿದ ಮೇಲೆ ಮಾಗುವುದು ಅಲ್ಯಾನಿಕೋ. ಇದರ ಎಳೆಯ ವೈನನ್ನು ಹೂಜಿಗೆ ಸುರಿದು ಗಂಟೆಗಟ್ಟಲೆ ಗಾಳಿಗಿಟ್ಟರೆ ಮಾತ್ರ ಒಗರು ಇಳಿಯುತ್ತದೆ.

"ಇದೂ ಅಲ್ಯಾನಿಕೋನೇ. ಹೂಜಿಯಲ್ಲಿ ನಾಲ್ಕು ಗಂಟೆ ಬೇಕು. ನಿಮಗೆ ಗೊತ್ತಲ್ವಾ?" ಅನಂತ್ ಮೆಲ್ಲಗೆ ಕೇಳಿದ.

"ಗೊತ್ತುಂಟು. ಅದಕ್ಕೇ ಹೇಳಿದ್ದು. ಸುರಿಯಿರಿ."

ರುಚಿ ನೋಡಲು ಕುಳಿತಿದ್ದ ಹೋಟೆಲಿನ ಮೂವರು ಮ್ಯಾನೇಜರುಗಳೂ ಒಂದೇ ಗುಟುಕಿಗೆ ಮುಖ ಕಿವುಚಿದರು. ಕೆಟ್ಟ ಸರಕು ತಂದಿದ್ದೀಯಾ ಎಂದು ಒಬ್ಬ ನಕ್ಕ. ಈಗ ತಪ್ಪನ್ನು ನನ್ನ ಮೇಲೆ ಹಾಕುತ್ತಾನೆ... ಹಾಕಲಿ, ಎಂದು ಅವಳು ಕಾದಳು.

ಅನಂತ್ ತನ್ನ ಲೋಟ ಖಾಲಿ ಮಾಡಿ, ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ ಲಂಗಾಟಾದ ಕಥೆ ಹೇಳಿದ. ಅವತ್ತು ಬೆಳಗ್ಗೆಯೇ ವೈನನ್ನು ಹೂಜಿಗೆ ಸುರಿದಿಡಬೇಕಿದ್ದವನು ತಾನು, ಮರೆತವನೂ ತಾನು. ಆಮೇಲೆ ಅವಳತ್ತ ತಿರುಗಿದ.

"ತಪ್ಪು ನಂದು. ಕೆಲಸ ಹೋದದ್ದು ನಿಮ್ಮದು. ನನ್ನ ಕೆಲಸ ಉಳೀಲಿ ಅಂತ ಬಾಯಿ ಮುಚ್ಕೊಂಡೆ."

ಮ್ಯಾನೇಜರುಗಳು ಈ ವೈನ್ ಬೇಡವೆಂದು ಎದ್ದು ಹೋದರು. ಬಯಸಿದ ಸೇಡು ಸಿಕ್ಕಿತ್ತು. ಬಾಯಿ ಮಾತ್ರ ಇನ್ನೂ ಒಗರು.

ಅವನು ಪೆಟ್ಟಿಗೆ ಕಟ್ಟತೊಡಗಿದಾಗ ಅವಳು ಉಳಿದ ವೈನನ್ನು ಹೂಜಿಗೆ ಸುರಿದು, ಎದುರಿನ ಕುರ್ಚಿ ತೋರಿಸಿದಳು.

ನಾಲ್ಕು ಗಂಟೆ ಕಳೆದ ಮೇಲೆ ಒಂದು ಗುಟುಕು ಕುಡಿದಳು. ಮಾಗಿದ ನೇರಳೆಯ ರುಚಿ.

"ನಾನಿನ್ನೂ ಕ್ಷಮಿಸ್ಲಿಲ್ಲ ಮಾರಾಯ್ರೆ."

"ಗೊತ್ತು. ಎಷ್ಟು ದಿನ ಬೇಕು ಹೇಳಿ, ಕಾಯ್ತೀನಿ."

"ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಸೌತ್ ಬಿಯ ನಮ್ಮನೆಗೆ ಬನ್ನಿ. ಅಮ್ಮನ ಎದುರೂ ಇದನ್ನೇ ಹೇಳ್ಬೇಕು."

"ಅವರು ಬೈದ್ರೆ?"

"ಬೈತಾರೆ. ಈ ಸಲ ನೆಲ ನೋಡ್ಬೇಡಿ."

"ಮತ್ತೆಲ್ಲಿ ನೋಡ್ಲಿ?"

ಅವಳು ಅವನ ಲೋಟಕ್ಕೂ ಸುರಿದಳು. "ನನ್ನನ್ನು."