ಒಪ್ಪಿಗೆಯ ಮೇಲೆ ಒಂದು ಕಾರ್ಪೆಟ್

ಇಷ್ಟವಾದ ವಸ್ತುವನ್ನು ಇಷ್ಟವಾಗಲಿಲ್ಲ ಎಂದು ವಾಪಸ್ ಕಳಿಸುವ ಹೆಂಗಸನ್ನು ನೀವು ಕಂಡಿರಲಿಕ್ಕಿಲ್ಲ. ಇವಳು ಕಳಿಸಿದಳು. ಅದೂ ಒಂದು ಸಲವಲ್ಲ.

ಕಣ್ಣು ಪರೀಕ್ಷಿಸಿ ಕನ್ನಡಕದ ನಂಬರ್ ಬರೆದುಕೊಡುವುದು ಅವಳ ಕೆಲಸ. ವಯಸ್ಸು ನಲವತ್ತು ದಾಟಿತ್ತು. ಅಷ್ಟು ವರ್ಷವೂ ಅಣ್ಣನ ಮನೆಯಲ್ಲಿ, ಅತ್ತಿಗೆ ಆರಿಸಿದ ಪರದೆಗಳ ನಡುವೆ ಬದುಕಿದವಳು ಈಗ ಸ್ವಂತಕ್ಕೊಂದು ಫ್ಲಾಟ್ ಕೊಂಡಿದ್ದಳು. ಖಾಲಿ ಹಾಲ್‌ನಲ್ಲಿ ಕೆಮ್ಮಿದರೆ ಗೋಡೆಯೂ ಕೆಮ್ಮುತ್ತಿತ್ತು. ನೆಲಕ್ಕೆ ಏನಾದರೂ ಹಾಸಲೇಬೇಕು, ಹಾಸಿದರೆ ಕೈಯಲ್ಲಿ ನೇಯ್ದ ಹಳೆಯ ಪರ್ಷಿಯನ್ ಕಾರ್ಪೆಟ್ಟನ್ನೇ ಹಾಸಬೇಕು ಎಂಬುದು ಅವಳ ಹಠ. ಸೋಫಾ ಬೇಕಾದರೆ ಕಾಯಲಿ.

ಹೀಗೆ ಅವಳು ಆ ಅಂಗಡಿಗೆ ಹೋದಳು. ಓಣಿಯಂತೆ ಉದ್ದನೆಯ ಅಂಗಡಿ, ನಡೆಸುವವರು ಅಕ್ಕ ತಮ್ಮ ಇಬ್ಬರು. ಗೋಡೆಗೆ ಒರಗಿದ ಸುರುಳಿಗಳು, ಮೊಣಕಾಲೆತ್ತರ ಪೇರಿಸಿದ ರಾಶಿಗಳು, ಎಲ್ಲೆಲ್ಲೂ ಉಣ್ಣೆಯ ಬೆಚ್ಚನೆಯ ವಾಸನೆ. ಗಲ್ಲಾದಲ್ಲಿ ಅಕ್ಕ ಕಿತ್ತಳೆ ಸುಲಿಯುತ್ತ ಕೂತಿದ್ದಳು. ಒಳಗೆ ಕಿಟಕಿಯ ಬೆಳಕಲ್ಲಿ ತಮ್ಮ, ಒಂದು ಕಾರ್ಪೆಟ್ಟನ್ನು ಬೋರಲು ಹಾಕಿಕೊಂಡು ಅದರ ಅಂಚಿಗೆ ಸೂಜಿ ಹಾಕುತ್ತಿದ್ದ. ವ್ಯಾಪಾರ ಅಕ್ಕನದು, ರಿಪೇರಿ ತಮ್ಮನದು. ಯಾರ ಮನೆಗೆ ಯಾವುದು ಹೊಂದುತ್ತದೆ ಎಂದು ಹೇಳುವುದೂ ತಮ್ಮನೇ. ಅದೊಂದು ವಿಷಯದಲ್ಲಿ ಮಾತ್ರ ಅವನಿಗೆ ಸ್ವಲ್ಪ ಜಂಬ.

"ಹಿಂಭಾಗ ಯಾಕೆ ನೋಡ್ತಿದೀರಾ?" ಎಂದು ಇವಳು ಕೇಳಿದಳು.

"ಮುಂದೆ ನೋಡಿದ್ರೆ ಎಲ್ಲಾ ಚೆನ್ನಾಗೇ ಕಾಣುತ್ತೆ ಮೇಡಂ. ಹಿಂದೆ ನೋಡಿದ್ರೆ ಗಂಟು ಕಾಣುತ್ತೆ. ಕೈಲಿ ನೇಯ್ದಿದ್ದಾದ್ರೆ ಸಾಲು ಒಂಚೂರು ಸೊಟ್ಟ ಇರುತ್ತೆ. ಮಿಷನ್ದಾದ್ರೆ ಸ್ಕೂಲ್ ಮಕ್ಕಳ ಪ್ರೇಯರ್ ಲೈನ್ ಥರ ನಿಂತಿರುತ್ತೆ."

"ಈ ಕುಚ್ಚು?"

"ಎಳೆದು ನೋಡಿ. ಕಾರ್ಪೆಟ್ಟಿನ ಉದ್ದಕ್ಕೂ ಓಡೋ ಹಾಸುನೂಲೇ ಹೊರಗೆ ಬಂದು ಕುಚ್ಚಾಗಿರಬೇಕು. ಬೇರೆ ಹೊಲೆದಿದ್ರೆ ಯಾರೋ ಟೋಪಿ ಹಾಕ್ತಿದಾರೆ ಅಂತ." ಅವನು ಸೂಜಿಯನ್ನು ಅಂಗಿಯ ಕಾಲರಿಗೆ ಚುಚ್ಚಿ ತಲೆಯೆತ್ತಿದ. "ಬೆಳಗ್ಗೆ ಎದ್ದು ಮೊದಲು ಎಲ್ಲಿ ಕೂರ್ತೀರಾ?"

ಇಷ್ಟು ವರ್ಷದಲ್ಲಿ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ.

"ನೆಲದ ಮೇಲೆ. ಇನ್ನೂ ಸೋಫಾ ಬಂದಿಲ್ಲ."

ಅವನು ನಕ್ಕ. ನಗುವಾಗ ಒಂದು ಕಣ್ಣು ಇನ್ನೊಂದಕ್ಕಿಂತ ಮೊದಲು ಸಣ್ಣದಾಯಿತು. ಕಣ್ಣು ನೋಡುವುದೇ ಕೆಲಸವಾದವಳಿಗೆ ಅದು ಕಾಣದೇ ಇರುತ್ತದೆಯೇ.

ಹಳೆಯ ಕಾರ್ಪೆಟ್ಟನ್ನು ಅಂಗಡಿಯಲ್ಲೇ ನೋಡಿ ಕೊಳ್ಳಬಾರದು. ಮನೆಗೆ ತರಿಸಿ, ಹಾಸಿ, ಅದರ ಜೊತೆ ನಾಲ್ಕು ದಿನ ಇದ್ದು, ಆಮೇಲೆ ಬೇಕೋ ಬೇಡವೋ ಹೇಳಬೇಕು. ಇದಕ್ಕೆ ಅವರು 'ಒಪ್ಪಿಗೆಯ ಮೇಲೆ ಕಳಿಸುವುದು' ಎನ್ನುತ್ತಿದ್ದರು. ಹಾಗೆ ಅವನು ಮೊದಲು ತಂದದ್ದು ಒಂದು ನೀಲಿ. ಮಂಡಿಯೂರಿ, ಮಗುವಿನ ಬೆನ್ನು ಸವರುವಂತೆ ಅದರ ಮೇಲೆ ಅಂಗೈ ಆಡಿಸಿ ಎದ್ದ.

"ಇಷ್ಟ ಆಗದಿದ್ರೆ ಫೋನ್ ಮಾಡಿ. ನಾನೇ ಬಂದು ಬೇರೆದು ಹಾಕಿಕೊಡ್ತೀನಿ."

ಇಷ್ಟವಾದರೆ ಬರುತ್ತಾನೋ ಇಲ್ಲವೋ, ಆ ಪುಣ್ಯಾತ್ಮ ಹೇಳಲಿಲ್ಲ.

ನೀಲಿ ಅವಳಿಗೆ ನೋಡಿದ ಕೂಡಲೇ ಇಷ್ಟವಾಯಿತು. ನಾಲ್ಕು ದಿನ ಬಿಟ್ಟು ಫೋನ್ ಮಾಡಿದಳು. "ನೀಲಿ ಸ್ವಲ್ಪ ಜಾಸ್ತಿ ಆಯ್ತೇನೋ ಅನಿಸ್ತಿದೆ ರೀ."

ಈ 'ರೀ' ಬಗ್ಗೆ ಒಂದು ಮಾತು. ಬೀದಿಗೆ ಬೀದಿಯೇ ಅವನನ್ನು ಕಾರ್ಪೆಟ್ಟಣ್ಣ ಎನ್ನುತ್ತಿತ್ತು. ಹಣ್ಣಿನ ಅಂಗಡಿಯವನು, ಬ್ಯಾಂಕಿನವರು, ಅವನಿಗಿಂತ ವಯಸ್ಸಾದವರು, ಎಲ್ಲರಿಗೂ ಅಣ್ಣ. ಇವಳೂ ಒಂದೆರಡು ಸಲ ಬಾಯಿ ತೆರೆದಳು. ಕಾರ್ಪೆಟ್ ಬಂತು, ಅಣ್ಣ ಮಾತ್ರ ಗಂಟಲಲ್ಲೇ ಕೂತಿತು. ಹಾಗಾಗಿ ರೀ.

ಎರಡನೆಯದು ಕೆಂಪು, ಅಂಚಿನ ತುಂಬ ಹಕ್ಕಿಗಳು. "ಈ ಹಕ್ಕಿಗಳು ನನ್ನನ್ನೇ ನೋಡ್ತವೆ" ಎಂದಳು.

ಅವನು ಮಂಡಿಯೂರಿ ಒಂದೊಂದೇ ಹಕ್ಕಿಯ ದಿಕ್ಕು ನೋಡಿದ. ಆಮೇಲೆ ಅವಳನ್ನು ನೋಡಿದ. "ನೋಡ್ತಿರೋದು ಹೌದು. ಅವುಗಳ ತಪ್ಪು ಅನ್ನಕ್ಕಾಗಲ್ಲ." ಹೇಳಿದ್ದು ತನಗೇ ಕೇಳಿಸಿ, ಗಡಿಬಿಡಿಯಲ್ಲಿ ಕಾರ್ಪೆಟ್ಟನ್ನು ಉಲ್ಟಾ ಸುತ್ತಿದ.

ಮೂರನೆಯದಕ್ಕೆ ಕಾರಣವೇ ಸಿಗಲಿಲ್ಲ. ಮರಳಿನ ಬಣ್ಣ, ನಡುವೆ ಒಂದೇ ಒಂದು ಮರ, ಯಾರೂ ಬೇಡ ಎನ್ನಲಾಗದಂಥದ್ದು. "ಬೆಕ್ಕು ಉಗುರು ಹಾಕುತ್ತೆ" ಎಂದುಬಿಟ್ಟಳು.

ಮುಂದಿನ ಸಲ ಅವನು ಹೊಸ ಕಾರ್ಪೆಟ್ಟಿನ ಜೊತೆ ಅಂಗೈ ಅಗಲದ ಒಂದು ಪುಟ್ಟ ಚಾಪೆಯನ್ನೂ ತಂದ. ಉಳಿದ ಉಣ್ಣೆಯಲ್ಲಿ ಹೊಲೆದದ್ದು. "ಉಗುರು ಹಾಕೋಕೆ ಇದನ್ನ ಕೊಡಿ. ಬೆಕ್ಕು ಎಲ್ಲಿ?"

"ಹೊರಗೆ ಹೋಗಿದೆ."

"ಹೆಸರೇನು?"

"ಬೆಕ್ಕು" ಎಂದಳು. "ಅಂದ್ರೆ, ಹಾಗೇ ಕರಿಯೋದು."

ಅಂದು ಅವರು ನೆಲದ ಮೇಲೆ ಎದುರುಬದುರು ಕೂತು ಚಹಾ ಕುಡಿದರು. ಬಣ್ಣ ಗಟ್ಟಿಯೋ ಇಲ್ಲವೋ ನೋಡಲು ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಬೇಕೆಂದು ಅವನು ತೋರಿಸಿಕೊಟ್ಟ. ಅವಳು ಉಜ್ಜಿದಳು. ಅವಳ ಕೈ ಸುಮ್ಮನೆ ಸವರುತ್ತಿದೆಯೆಂದು ಅವನು ಅದರ ಮೇಲೆ ಕೈಯಿಟ್ಟು ಒತ್ತಿದ. ಬಟ್ಟೆಗೆ ಚೂರೂ ಬಣ್ಣ ಹತ್ತಲಿಲ್ಲ. ಅವಳ ಮುಖಕ್ಕೆ ಹತ್ತಿತು.

ಇಷ್ಟಾದ ಮೇಲಾದರೂ ಹೆಂಗಸು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಆ ಕಾರ್ಪೆಟ್ಟೂ ವಾಪಸ್ ಹೋಯಿತು. ಹಾಲ್‌ಗೆ ದೊಡ್ಡದಾಯಿತಂತೆ.

ಆಮೇಲೆ ಅವನು ಬರಲಿಲ್ಲ. ಫೋನ್ ಮಾಡಿದರೆ ಅಕ್ಕ ಎತ್ತಿದಳು. "ಅವನು ಬರಲ್ಲಮ್ಮ. ಬೇರೆ ಅಂಗಡಿ ವಿಳಾಸ ಕೊಡು ಅಂದಿದಾನೆ, ಕೊಡಲಾ?"

ಬೇಡ ಎಂದು ಫೋನಿಟ್ಟಳು. ಬರಿಯ ನೆಲ ಅಂಗಾಲಿಗೆ ತಣ್ಣಗೆ ತಾಗಿತು. ಅವನಿಗೆ ತನ್ನ ಆಟ ಗೊತ್ತಾಗಿ ಅಸಹ್ಯವಾಗಿರಬೇಕು ಎಂದುಕೊಂಡಳು. ನಿಜ ಅದಕ್ಕಿಂತ ಕೆಟ್ಟದಾಗಿತ್ತು. ಅದು ಅವಳಿಗೆ ತಿಳಿದದ್ದು ಅವಳದೇ ಕ್ಲಿನಿಕ್ಕಿನಲ್ಲಿ.

ಒಂದು ಮಧ್ಯಾಹ್ನ ಅವನೇ ಬಂದು ಪರೀಕ್ಷೆಯ ಕುರ್ಚಿಯಲ್ಲಿ ಕೂತ. ಕೈಯಲ್ಲಿ ಟೋಕನ್, ಮುಖದಲ್ಲಿ ನಿದ್ದೆಗೆಟ್ಟ ಕಳೆ.

"ಏನು ತೊಂದರೆ?" ಅವಳ ಸ್ವರ ಅವಳಿಗೇ ಅಪರಿಚಿತವಾಗಿತ್ತು.

"ಬಣ್ಣ ತಿಳೀತಿಲ್ಲ ಅನಿಸ್ತಿದೆ. ಮನೆ ನೋಡಿದ ತಕ್ಷಣ ಯಾವ ಕಾರ್ಪೆಟ್ ಅಂತ ಹೊಳೀತಿತ್ತು ನನಗೆ. ನಿಮ್ಮನೆಗೆ ತಂದಿದ್ದೆಲ್ಲಾ ತಪ್ಪಾಯ್ತು. ಮೊನ್ನೆ ಒಬ್ಬರಿಗೆ ಹಸಿರು ತೆಗೀವಾಗ ಅನುಮಾನ ಬಂದು, ಅಕ್ಕ ಇದು ಹಸಿರೇನಾ ಅಂತ ಕೇಳಿದೆ. ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ."

"ಅದಕ್ಕೆ ನನ್ನ ಹತ್ರ ಯಾಕೆ ಬಂದ್ರಿ?"

"ನೀವು ಮುಲಾಜು ನೋಡಲ್ಲ. ಇಷ್ಟ ಇಲ್ಲ ಅಂದ್ರೆ ಮುಖಕ್ಕೇ ಇಷ್ಟ ಇಲ್ಲ ಅಂತೀರಾ. ಕಣ್ಣು ಹೋಗಿದ್ರೆ ಅದನ್ನೂ ಹಾಗೇ ಹೇಳ್ತೀರಾ."

ಅವಳು ದೀಪ ಆರಿಸಿದಳು. ಮುಖ ಅಡಗಿಸಲು ಬೇರೆ ಜಾಗವಿರಲಿಲ್ಲ.

ಸಣ್ಣ ಲೈಟು ಹಿಡಿದು ಅವನ ಕಣ್ಣಿನ ಹತ್ತಿರ ಬಗ್ಗಿದಳು. ಅವನ ಉಸಿರು ಅವಳ ಮಣಿಕಟ್ಟಿಗೆ ತಾಗುತ್ತಿತ್ತು. ಕಂದು ಕಣ್ಣು, ಅಂಚಿನಲ್ಲಿ ಜೇನಿನ ಗೆರೆ. "ಮೇಲೆ ನೋಡಿ. ಈಗ ನನ್ನ ಕಿವಿ ನೋಡಿ." ಅವನು ವಿಧೇಯನಾಗಿ ಅವಳ ಕಿವಿ ನೋಡಿದ, ಬಹಳ ಹೊತ್ತು. ಆಮೇಲೆ ಬಣ್ಣದ ಚುಕ್ಕೆಗಳ ಹಾಳೆಗಳನ್ನು ಹಿಡಿದಳು. ಎಲ್ಲರೂ ತಡವರಿಸುವ ಹಾಳೆಗಳನ್ನೂ ಅವನು ಸಲೀಸಾಗಿ ಓದಿದ.

"ಕಣ್ಣು ಸರಿಯಾಗಿದೆ. ನಾನು ನೋಡಿರೋದ್ರಲ್ಲೇ ಒಳ್ಳೇ ಕಣ್ಣು."

"ಹಾಗಾದ್ರೆ ತಲೇಲೇ ಏನೋ ಹೋಗಿದೆ" ಎಂದು ಅವನು ಎದ್ದ. "ಇರಲಿ. ಆರಿಸಿಕೊಡೋದು ಬಿಟ್ಟುಬಿಡ್ತೀನಿ. ಸೂಜಿ ಕೆಲಸ ಸಾಕು."

ಆ ಮಾತು ಅವಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಈಗ ಸುಮ್ಮನಿದ್ದರೆ ತನ್ನ ಮಾನ ಉಳಿಯುತ್ತದೆ, ಅವನ ಬದುಕಿನ ಒಂದೇ ಒಂದು ಜಂಬ ಹೋಗುತ್ತದೆ. ದೀಪ ಹಾಕಿದಳು.

"ರೀ, ಕೂತ್ಕೊಳಿ. ನೀವು ತಂದಿದ್ದು ಒಂದೂ ತಪ್ಪಿರಲಿಲ್ಲ."

"ಸಮಾಧಾನಕ್ಕೆ ಹೇಳಬೇಡಿ."

"ನೀಲಿ ಬಂದ ದಿನ ನಾನು ಮಂಚ ಬಿಟ್ಟು ಅದರ ಮೇಲೆ ಮಲಗಿದ್ದೆ. ಆ ಹಕ್ಕಿಗಳಿಗೆ ದಿನಾ ಗುಡ್ ಮಾರ್ನಿಂಗ್ ಹೇಳ್ತಿದ್ದೆ. ಎಲ್ಲಾ ಇಷ್ಟ ಆಯ್ತು."

"ಮತ್ತೆ ವಾಪಸ್ ಯಾಕೆ ಕಳಿಸಿದ್ರಿ?"

"ಕಳಿಸಿದ್ರೆ ತಾನೆ ನೀವು ಬರೋದು."

ಹೊರಗೆ ಯಾರದೋ ಟೋಕನ್ ಕೂಗಿದರು. ಅವನು ಚುಕ್ಕೆಗಳ ಹಾಳೆಯನ್ನು ಮತ್ತೆ ಕೈಗೆತ್ತಿಕೊಂಡು, ಅದರಲ್ಲೇನೋ ಬರೆದಿದೆಯೆಂಬಂತೆ ನೋಡಿದ.

"ಬೆಕ್ಕು?"

"ಇಲ್ಲ. ಯಾವತ್ತೂ ಇರಲಿಲ್ಲ. ಬೆಕ್ಕು ಹತ್ರ ಬಂದ್ರೆ ನನಗೆ ಸೀನು."

"ನಾನು ಅದಕ್ಕೇಂತ ಕೂತು ಹೊಲೆದೆ" ಎಂದ. ನೋವು ಇದ್ದದ್ದು ಅಲ್ಲೇ. "ನೀಲಿದು ಬೇರೆಯವರು ತಗೊಂಡು ಹೋದ್ರು." ಇಷ್ಟು ಹೇಳಿ, ಹಾಳೆ ಮೇಜಿನ ಮೇಲಿಟ್ಟು ಹೊರಟುಹೋದ.

ರಜೆಯ ದಿನ ಅವಳು ಅಂಗಡಿಗೇ ಹೋದಳು. ಕ್ಷಮೆ ಕೇಳುವುದೊಂದು ಬಾಕಿಯಿತ್ತು. ಆಟ ಹೂಡಲು ಹೋಗಿ ಒಬ್ಬ ಮನುಷ್ಯನಿಗೆ ತನ್ನ ಕಣ್ಣನ್ನೇ ನಂಬದ ಹಾಗೆ ಮಾಡಿದವಳು ಕ್ಷಮೆಯನ್ನು ಫೋನಿನಲ್ಲಿ ಕೇಳಬಹುದೇ.

ಅಕ್ಕ ತಲೆಯಿಂದ ಕಾಲಿನವರೆಗೆ ನೋಡಿದಳು. "ಬಂದ್ಯಾ ತಾಯಿ. ಬೀದಿಗೆಲ್ಲಾ ಅವನು ಅಣ್ಣ. ನೀನೊಬ್ಬಳು ರೀ ಅಂದ ದಿನವೇ ನನಗೆ ಗೊತ್ತಾಯ್ತು. ಇವನಿಗೆ ಹಿಂಭಾಗದ ಗಂಟೆಲ್ಲಾ ಕಾಣುತ್ತೆ, ಮುಂದೆ ಕೂತಿರೋ ಹೆಂಗಸು ಕಾಣಲ್ಲ."

"ಇದಾರಾ? ಕೋಪ ಇದೆಯಾ?"

"ಇತ್ತು. ಎರಡು ದಿನ ಊಟಕ್ಕೆ ಉಪ್ಪು ಸಾಲದು ಅಂದ. ಆಮೇಲೆ ಕೆಳಗಿನ ರಾಶಿಯೆಲ್ಲಾ ಎತ್ತಿ ಹಾಕಿ ಒಂದು ಹುಡುಕಿದ. ಈಗ ನಿನ್ನ ಮನೆ ಬಾಗಿಲಲ್ಲಿ ಕೂತಿರಬೇಕು. ಇಲ್ಲಿ ನಿಂತು ನನ್ನ ಮುಖ ಏನು ನೋಡ್ತೀಯ?"

ಅವಳು ಮೆಟ್ಟಿಲು ಹತ್ತುವಾಗ ಅವನು ಕೊನೆಯ ಮೆಟ್ಟಿಲ ಮೇಲೆ, ಪಕ್ಕದಲ್ಲಿ ಸುರುಳಿ ಒರಗಿಸಿಕೊಂಡು ಕೂತಿದ್ದ. ಏದುಸಿರಿನ ನಡುವೆ "ನನ್ನದು ತಪ್ಪಾಯ್ತು" ಎಂದಳು.

"ಗೊತ್ತು" ಎಂದ. "ಬಾಗಿಲು ತೆಗೀರಿ. ಇದು ಒಪ್ಪಿಗೆ ಮೇಲಲ್ಲ. ಬೇಕೋ ಬೇಡವೋ ಈಗಲೇ ಹೇಳಬೇಕು. ನಿಜ ಹೇಳಬೇಕು."

ಇಬ್ಬರೂ ಹಿಡಿದು ಹಾಸಿದರು. ತೋಟದ ವಿನ್ಯಾಸ. ನೂರು ವರ್ಷ ದಾಟಿದ ದಾಳಿಂಬೆಯ ಕೆಂಪು, ಮಾಗಿ ಮೆತ್ತಗಾಗಿತ್ತು. ನಡುವಿನ ಹಾದಿಯಲ್ಲಿ ಯಾರ್ಯಾರೋ ನಡೆದು ಉಣ್ಣೆ ರೇಷ್ಮೆಯಷ್ಟು ನಯವಾಗಿತ್ತು. ಅವಳು ಚಪ್ಪಲಿ ಬಿಟ್ಟು ಅದರ ಮೇಲೆ ನಿಂತಳು. ಈ ಮನೆಗೆ ಬಂದಮೇಲೆ ಮೊದಲ ಸಲ ತಾನು ಒಂದು ಕಡೆ ನಿಂತಿದ್ದೇನೆ ಎನಿಸಿತು.

"ಬೇಕು" ಎಂದಳು.

ಅವನ ಭುಜ ಸಡಿಲವಾಯಿತು. ಕಳೆದುಕೊಂಡದ್ದು ಕೈಗೆ ಬಂದವನಂತೆ ಉಸಿರು ಬಿಟ್ಟ.

"ಆದ್ರೆ ಇಟ್ಕೊಂಡ್ರೆ ನೀವು ಬರೋಕೆ ಕಾರಣ ಇರಲ್ಲ. ನಿಜ ಹೇಳು ಅಂದ್ರಲ್ಲ. ಇದೂ ನಿಜ."

ಅವನು ಬಗ್ಗಿ ಕುಚ್ಚುಗಳನ್ನು ಒಂದೊಂದಾಗಿ ನೇರ ಮಾಡತೊಡಗಿದ. "ಹಳೇದನ್ನ ಒಂದೇ ಥರ ಹಾಸಿ ಬಿಡಬಾರದು. ಬಿಸಿಲು ಬಿದ್ದ ಕಡೆ ಬಣ್ಣ ಇಳಿಯುತ್ತೆ. ಆಗಾಗ ತಿರುಗಿಸಬೇಕು. ಒಬ್ಬರ ಕೈಲಿ ಆಗೋ ಕೆಲಸ ಅಲ್ಲ."

"ಆಗಾಗ ಅಂದ್ರೆ?"

"ಸಾಮಾನ್ಯವಾಗಿ ವರ್ಷಕ್ಕೊಂದ್ಸಲ."

ಅವಳ ಮುಖ ಸಪ್ಪಗಾಯಿತು. ಅವನು ಕಿಟಕಿಯ ಕಡೆ ನೋಡಿದ, ಅವಳನ್ನು ನೋಡಿದ. ಒಂದು ಕಣ್ಣು ಮೊದಲು ಸಣ್ಣದಾಯಿತು.

"ನಿಮ್ಮನೇಲಿ ಬಿಸಿಲು ಜಾಸ್ತಿ. ದಿನಾ ಸಂಜೆ ತಿರುಗಿಸಬೇಕಾಗುತ್ತೆ."

"ಬರೀ ಸಂಜೆ ಸಾಕಾ?"

"ಬೆಳಗ್ಗೆ ವಾಪಸ್ ತಿರುಗಿಸೋರು ಯಾರು?" ಎಂದ ಅವನು, ತಲೆ ಎತ್ತದೆ. "ಅದಕ್ಕೂ ನಾನೇ ಬೇಕು. ಅಕ್ಕನಿಗೆ ಹೇಳೇ ಬಂದಿದೀನಿ."

ಅವಳು ಆ ತುದಿಗೆ ಹೋಗಿ, ಕೂತು, ತನ್ನ ಕಡೆಯ ಅಂಚನ್ನು ತಿರುಗಿಸಲು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.