ಕಹಿಗೆ ಕೊಟ್ಟ ಅಂಕ

"ಹೂವು ತೆಗೆದಿಟ್ಟು ಬರ್ರಿ ಮೇಡಂ. ಇಲ್ಲಾಂದ್ರ ಒಳಗ ಬಿಡಂಗಿಲ್ಲ."

ಕೆಲಸಕ್ಕೆ ಸೇರಿದ ಮೊದಲ ದಿನವೇ ಬಾಗಿಲಿಗೆ ಅಡ್ಡ ನಿಂತು ಹೀಗೆಂದವನನ್ನು ಮಾಲವಿಕಾ ದುರುಗುಟ್ಟಿ ನೋಡಿದಳು. ಮಾರೇನಹಳ್ಳಿಯ ಮನೆಯಲ್ಲಿ ಅಮ್ಮ ಬೆಳಿಗ್ಗೆ ತಾನೇ ಕಟ್ಟಿ ಮುಡಿಸಿದ್ದ ಮಲ್ಲಿಗೆ ಅದು. ಎಷ್ಟು ಪೊಗರು ಇವನಿಗೆ...

ಅದು 2008ನೇ ಇಸವಿ. ಕೆಂಗೇರಿ ದಾಟಿದ ಮೇಲೆ ಮೈಸೂರು ರಸ್ತೆಯಲ್ಲಿದ್ದ ಸಣ್ಣ ಬಿಯರ್ ಕಾರ್ಖಾನೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ದಿನಾ ಹನ್ನೊಂದಕ್ಕೆ ಮೂವರು ಕುಳಿತು ಒಂದೊಂದು ಗುಟುಕು ರುಚಿ ನೋಡಿ, ಹತ್ತಕ್ಕೆ ಇಷ್ಟು ಎಂದು ಅಂಕ ಕೊಡಬೇಕು. ಆ ಮೂವರಲ್ಲಿ ಅವಳೂ ಒಬ್ಬಳು. ಮನೆಯಲ್ಲಿ ಮಾತ್ರ "ಲ್ಯಾಬ್ ಕೆಲಸ" ಎಂದಷ್ಟೇ ಹೇಳಿದ್ದಳು. ಅದೇನೂ ಸುಳ್ಳಲ್ಲ ಬಿಡಿ.

ಅಡ್ಡ ನಿಂತವನು ಹನುಮೇಶ. ಧಾರವಾಡದವನು, ಈ ಕಾರ್ಖಾನೆಯಲ್ಲಿ ಬಿಯರ್ ತಯಾರಿಸುವವನು. ಅವಳ ಮುಖ ಕೆಂಪಾದದ್ದನ್ನು ಕಂಡು ಒಳಗಿನಿಂದ ಹಸಿರು ಮೊಗ್ಗುಗಳಂಥದ್ದನ್ನು ತಂದು ಅಂಗೈಯಲ್ಲಿ ತಿಕ್ಕಿ ಅವಳ ಮುಂದೆ ಹಿಡಿದ. ಕಿತ್ತಳೆ ಸಿಪ್ಪೆ ಸುಲಿದ ಹಾಗೆ ಘಮ್ಮೆಂದಿತು! ಅದರ ಹೆಸರು ಹಾಪ್ಸ್, ಬಿಯರಿಗೆ ಕಹಿ ಬರುವುದು ಈ ಹೂವಿನಿಂದ, ಮಲ್ಲಿಗೆಯ ಪರಿಮಳದಲ್ಲಿ ಇದರ ವಾಸನೆ ಮುಚ್ಚಿಹೋಗುತ್ತದೆ ಎಂದು ವಿವರಿಸಿದ. ರುಚಿ ನೋಡುವ ಮುಂಚೆ ಒಂದು ಗಂಟೆ ಕಾಫಿ, ಸಿಹಿ ಏನನ್ನೂ ಮುಟ್ಟಬಾರದು ಎಂಬ ನಿಯಮವನ್ನೂ ಹೇಳಿದ.

ಮಾಲವಿಕಾಳ ಸಿಟ್ಟು ಅಲ್ಲೇ ಇಳಿಯಿತು. ಮನಸ್ಸು ಮಾತ್ರ ಆ ಅಂಗೈಯ ಹತ್ತಿರವೇ ಉಳಿದುಬಿಟ್ಟಿತು.

ಹನುಮೇಶನಿಗೆ ಒಂದೇ ಹುಚ್ಚು. ಹಾಪ್ಸ್ ಧಾರಾಳವಾಗಿ ಹಾಕಿದ ಹಳೆಯ ಕಾಲದ ಇಂಡಿಯಾ ಪೇಲ್ ಏಲ್ ಎಂಬ ಬಿಯರ್ ಮಾಡಬೇಕು. ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನಿಂದ ನಮ್ಮ ದೇಶಕ್ಕೆ ತಿಂಗಳುಗಟ್ಟಲೆ ಹಡಗಿನಲ್ಲಿ ಬರುವಾಗ ಕೆಡದಿರಲಿ ಎಂದು ಹೆಚ್ಚು ಕಹಿ ಹಾಕುತ್ತಿದ್ದರಂತೆ. ಹಡಗಿನ ಕಾಲ ಮುಗಿದರೂ ಜನ ಆ ಕಹಿಯನ್ನು ಬಿಡಲಿಲ್ಲವಂತೆ. ನಮ್ಮ ದೇಶದ ಹೆಸರು ಹೊತ್ತ ಬಿಯರು ನಮ್ಮಲ್ಲೇ ಸಿಗುವುದಿಲ್ಲ ಎಂದು ಅವನು ಊಟದ ಹೊತ್ತಿನಲ್ಲಿ ಹೇಳುತ್ತಿದ್ದರೆ, ಮಾಲವಿಕಾ ತುತ್ತು ಮರೆತು ಕೇಳುತ್ತಿದ್ದಳು.

ಮ್ಯಾನೇಜರ್ ವೆಂಕಟಗಿರಿ ಕೊನೆಗೂ ಒಂದು ಟ್ಯಾಂಕಿಗೆ ಒಪ್ಪಿಗೆ ಕೊಟ್ಟರು. ಮೂವರ ಅಂಕದ ಸರಾಸರಿ ಐದು ದಾಟಿದರೆ ಮಾರಾಟಕ್ಕೆ, ಇಲ್ಲದಿದ್ದರೆ ಮೋರಿಗೆ. ಮೋರಿಗೆ ಹೋದರೆ ತಾನು ಗೋವಾದ ಕಂಪನಿಗೆ ಸೇರುವುದಾಗಿ ಹನುಮೇಶ ಅವಳಿಗೆ ಹೇಳಿದ. ಆಮೇಲೆ ಕೇಳಿಕೊಂಡ.

"ನನ್ನ ಮುಖ ನೋಡಿ ಅಂಕ ಕೊಡಬ್ಯಾಡ್ರಿ ಮೇಡಂ. ನಾಲಿಗಿ ಏನ್ ಹೇಳ್ತದೋ ಅದನ್ನ ಬರೀರಿ."

ಆ ಬಿಯರಿನ ರುಚಿ ನೋಡುವ ದಿನ ಬೆಳಿಗ್ಗೆ ಗೇಟಿನ ಹತ್ತಿರ ಅವನು ಅವಳ ಕೈಗೊಂದು ಪುಟ್ಟ ಡಬ್ಬಿ ಇಟ್ಟ. ಅವನ ಅವ್ವ ಊರಿನಿಂದ ಕಳಿಸಿದ ಪೇಡ. ಟೇಸ್ಟಿಂಗ್ ಮುಗಿದ ಮೇಲೆ ತಿನ್ನಬೇಕು ಎಂದೂ ಹೇಳಿದ. ಆದರೆ ಅವನು ತನಗಾಗಿ ತಂದ ಮೊದಲ ವಸ್ತು! ಹನ್ನೊಂದಕ್ಕೆ ಐದು ನಿಮಿಷವಿರುವಾಗ ಮೆಟ್ಟಿಲ ಮೇಲೆ ನಿಂತು ಡಬ್ಬಿ ತೆರೆದಳು. ಒಂದೇ ಒಂದು, ಏನಾಗುತ್ತದೆ... ಎಂದುಕೊಂಡು ಬಾಯಿಗೆ ಹಾಕಿಕೊಂಡಳು.

ಹನ್ನೊಂದಕ್ಕೆ ಅವನ ಬಿಯರು ಬಂತು. ಅದೇ ಕಿತ್ತಳೆಯ ಘಮ. ಆಸೆಯಿಂದ ಗುಟುಕರಿಸಿದಳು. ಮಾತ್ರೆ ಅಗಿದಂತೆ ಬಾಯೆಲ್ಲ ಕಹಿ! ಕಣ್ಣು ತುಂಬಿ ಬಂತು. ಸುಳ್ಳು ಬರೆದರೆ ಅವನ ನಂಬಿಕೆಗೆ ದ್ರೋಹ ಎಂದು, ಹತ್ತಕ್ಕೆ ಒಂದೇ ಅಂಕ ಬರೆದು ಸಹಿ ಹಾಕಿದಳು.

ಉಳಿದಿಬ್ಬರು ಏಳು, ಆರು ಕೊಟ್ಟಿದ್ದರು. ಸರಾಸರಿ ಐದು ಮುಟ್ಟಲಿಲ್ಲ. ಇನ್ನೊಮ್ಮೆ ನೋಡೋಣವೇ ಎಂದು ವೆಂಕಟಗಿರಿಯೇ ಕೇಳಿದರೂ ಹನುಮೇಶ ಬೇಡವೆಂದ.

"ಅವರ ನಾಲಿಗಿ ಮ್ಯಾಲ ನನಗ ನಂಬಿಕಿ ಐತ್ರಿ ಸರ್. ಚೆಲ್ಲಿಬಿಡೂಣು."

ನಾಳೆ ಹತ್ತಕ್ಕೆ ಚೆಲ್ಲುವುದು ಎಂದಾಯಿತು. ಅವನು ಅವಳತ್ತ ನೋಡದೆ ಹೊರಟುಹೋದ. ಮಾಲವಿಕಾ ತನ್ನ ಅಂಕದ ಹಾಳೆಯನ್ನೇ ನೋಡುತ್ತ ಕುಳಿತಳು. ನಾನು ನಿಜವನ್ನೇ ಬರೆದೆನಲ್ಲ... ಮತ್ತೇಕೆ ಇಷ್ಟು ಸಂಕಟ?

ಸಂಜೆ ಪಕ್ಕದ ಮನೆಯ ಜಗದಾಂಬಾ ಆಂಟಿ ಹೋಳಿಗೆ ತಂದುಕೊಟ್ಟರು. ಅಪ್ಪ ಎರಡು ತಿಂದು, ಕಾಫಿ ಕುಡಿದು ಮುಖ ಹಿಂಡಿದರು. ಸಕ್ಕರೆಯನ್ನೇ ಹಾಕಿಲ್ಲ ಎಂದು ಅವರ ದೂರು.

"ಹಾಕಿದೀನಿ ಕಣ್ರೀ," ಅಂದಳು ಅಮ್ಮ ವತ್ಸಲಾ. "ಸಿಹಿ ತಿಂದ್ಮೇಲೆ ಕಾಫಿ ಕಹಿಯಾಗೇ ಇರುತ್ತೆ."

ಮಾಲವಿಕಾ ಕುಳಿತಲ್ಲೇ ಕಲ್ಲಾದಳು. ಆ ಪೇಡ!

ಮರುದಿನ ಒಂಬತ್ತಕ್ಕೇ ವೆಂಕಟಗಿರಿಯ ಮುಂದೆ ನಿಂತು ತಪ್ಪೊಪ್ಪಿಕೊಂಡಳು. ಅವರು ಚೆನ್ನಾಗಿ ಬೈದರು. ಆರು ತಿಂಗಳು ರುಚಿ ನೋಡುವ ಕೋಣೆಗೆ ಕಾಲಿಡುವಂತಿಲ್ಲ ಎಂದರು. ಬೈಯುತ್ತಲೇ ಟ್ಯಾಂಕು ಚೆಲ್ಲದಂತೆ ಫೋನ್ ಮಾಡಿದರು. ಅವಳ ಜಾಗದಲ್ಲಿ ಅಂಬುಜಾ ಎಂಬ ಹಿರಿಯ ಸಹೋದ್ಯೋಗಿ ಕುಳಿತರು. ಮುಚ್ಚಿದ ಬಾಗಿಲ ಹೊರಗೆ ಮಾಲವಿಕಾ ಉಗುರು ಕಚ್ಚುತ್ತ ನಿಂತಳು.

ಏಳು, ಆರು, ಎಂಟು.

ಹನುಮೇಶ ಗ್ಲಾಸು ಹಿಡಿದು ಹೊರಗೆ ಬಂದ. ಮುಖದಲ್ಲಿ ಸಂತೋಷವೂ ಇತ್ತು, ಗೊಂದಲವೂ ಇತ್ತು.

"ನಿಯಮ ಗೊತ್ತಿದ್ದೂ ಯಾಕ ತಿಂದ್ರಿ?"

ಮಾಲವಿಕಾ ತಲೆ ತಗ್ಗಿಸಿದಳು. ಇನ್ನು ಮುಚ್ಚಿಡಲು ಅವಳಿಂದ ಆಗಲಿಲ್ಲ.

"ನೀವು ಕೊಟ್ಟಿದ್ದು ಅಂತ... ಮಧ್ಯಾಹ್ನದವರೆಗೂ ಕಾಯೋಕ್ಕಾಗ್ಲಿಲ್ಲ."

ಅವನು ಮೆಲ್ಲಗೆ ಗ್ಲಾಸನ್ನು ಅವಳ ಕೈಗಿತ್ತ. ಅಂಕಕ್ಕಲ್ಲ, ಸುಮ್ಮನೆ ನಿಮಗಾಗಿ ಎಂದ.

ಅವಳು ಗುಟುಕರಿಸಿದಳು. ಮೊದಲು ಘಮ, ಹಿಂದೆಯೇ ಕಹಿ. ಆ ಕಹಿ ನಿಧಾನವಾಗಿ ಕರಗಿ ಬಾಯಿ ಹಗುರಾಯಿತು, ನಾಲಿಗೆ ಮತ್ತದನ್ನೇ ಬೇಡಿತು. ಇನ್ನೂರು ವರ್ಷದಿಂದ ಜನ ಇದನ್ನು ಯಾಕೆ ಬಿಟ್ಟಿಲ್ಲ ಎಂದು ಅವಳಿಗೆ ಆಗ ತಿಳಿಯಿತು.

"ಹೆಂಗೈತ್ರಿ?"

"ಕಹಿ ಇದೆ. ಆದ್ರೆ ಕೆಳಗಿಡೋಕೆ ಮನಸ್ಸೇ ಬರ್ತಿಲ್ಲ."

ಅವನ ಕಣ್ಣುಗಳು ತೇವಗೊಂಡವು. ಗೋವಾದವರಿಗೆ ಬರುವುದಿಲ್ಲ ಎಂದು ಇವತ್ತೇ ಹೇಳಿಬಿಡುವೆನೆಂದ.

"ಅವರಿಗೆ ಆಮೇಲೆ ಹೇಳಿ. ಮೊದಲು ನನಗೆ ಹೇಳಿ."

"ನಿಮ್ಮನ್ನ ಬಿಟ್ಟು ಎಲ್ಲೂ ಹೋಗಂಗಿಲ್ಲ, ಮಾಲವಿಕಾ," ಅಂದ. ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.