ಗಾಜಿನ ಬಿಲ್ಲೆ ಮತ್ತು ಏಡಿರಾಯ

ಈಗಿನ ಮಾತಲ್ಲ ಇದು. ಏಳು ಹೊಳೆಯ ಆಚೆ ಹೊಂಗೆನಾಡು ಅಂತ ಒಂದು ರಾಜ್ಯವಿತ್ತು. ಆ ರಾಜ್ಯಕ್ಕೆ ಒಬ್ಬ ಮಾಂತ್ರಿಕ ಹೊಕ್ಕಿದ್ದ. ಏಡಿರಾಯ ಅವನ ಹೆಸರು. ಅವನಿಗೆ ಕೋಟೆ ಇರಲಿಲ್ಲ, ಗುಹೆ ಇರಲಿಲ್ಲ. ಒಂದೇ ಹೊತ್ತಿಗೆ ಎಷ್ಟೋ ಮನುಷ್ಯರ ಮೈಯೊಳಗೆ ಮನೆ ಮಾಡುತ್ತಿದ್ದ. ಮೊದಲು ಎಳ್ಳುಕಾಳಿನಷ್ಟು. ಆಮೇಲೆ ಏಡಿಯಷ್ಟು. ಏಡಿಯಾದ ಮೇಲೆ ಆ ಮನುಷ್ಯರು ಉಳಿಯುತ್ತಿರಲಿಲ್ಲ.

ಆ ನಾಡಿನಲ್ಲಿ ಹೊನ್ನೂರ ಅಂತ ಒಬ್ಬ ಬಳೆಗಾರ. ಗಾಜು ಕರಗಿಸಿ ಬಳೆ ಮಾಡುವವನು, ತೊಡಿಸುವವನು. ಹೆಂಡತಿ ಗಾಳೆವ್ವ. ಮಗಳು ಕೆಂಚವ್ವ.

ಒಂದು ಸಲ ಗಾಳೆವ್ವನ ಬಳೆ ಸಡಿಲವಾದವು. ಹಿಟ್ಟು ನಾದುವಾಗ ಜಾರಿ ಬಿದ್ದವು. ಹೊನ್ನೂರ ಒಂದು ಅಳತೆ ಸಣ್ಣವು ತೊಡಿಸಿದ. ಅವೂ ಸಡಿಲವಾದವು. ಇನ್ನೂ ಸಣ್ಣವು ತೊಡಿಸಿದ.

"ಮದುಮಗಳ ಅಳತೆಗೆ ಬಂದೆಯಲ್ಲೇ," ಅಂದ.

"ಬಳೆಗಾರನ ಹೆಂಡ್ತಿಗೆ ಬಳೆಗೇನು ಬರ," ಅಂತ ಗಾಳೆವ್ವ ನಕ್ಕಳು.

ಬೇರೆಯವರಾಗಿದ್ದರೆ ಕೈ ಯಾಕೆ ಸೊರಗಿತು ಅಂತ ಕೇಳುತ್ತಿದ್ದರು. ಬಳೆಗಾರ ಬಳೆ ಬದಲಿಸಿದ. ಒಳಗೆ ಏಡಿರಾಯ ಕೂತಿದ್ದ. ಮಳೆಗಾಲ ಮುಗಿಯುವ ಮೊದಲು ಗಾಳೆವ್ವ ಹೋದಳು.

ಅರಮನೆಯಲ್ಲಿ ಮದ್ದು ಅರೆಯುವ ತಿಪ್ಪಕ್ಕ ಅಂತ ಒಬ್ಬ ಮುದುಕಿ ಇದ್ದಳು. ಮಾತಾಡಿಸಿಕೊಂಡು ಹೋಗಲು ಬಂದವಳು ಕೆಂಚವ್ವನನ್ನೇ ನೋಡುತ್ತಾ ಕೂತಳು.

"ಹೊನ್ನೂರಾ, ಆ ಏಡಿರಾಯನಿಗೆ ತಾಯಿ ಆದಮೇಲೆ ಮಗಳನ್ನ ಹುಡುಕೋ ಚಾಳಿ ಐತೆ."

"ಇವಳ ಮೈಗೂ ಬಂದಿದಾನಾ?"

"ಯಾರಿಗೆ ಗೊತ್ತು. ಎಳ್ಳಿನಷ್ಟಿದ್ದಾಗ ಸಿಕ್ಕರೆ ಕಿತ್ತು ಹಾಕ್ತೀನಿ. ಸಿಗಲ್ಲ, ಅದೇ ಅವನ ಮಾಯೆ. ಆದರೆ ಅವನೇನು ಸುಮ್ಮನೆ ಕೂರಲ್ಲ. ಮುಂದಿನ ಮನೆಗೆ ಜಾಗ ನೋಡೋಕೆ ರಕ್ತದಾಗೆ ಗುಳ್ಳೆ ತೇಲಿ ಬಿಡ್ತಾನೆ. ಧೂಳಿಗಿಂತ ಸಣ್ಣವು. ಅವನ್ನ ಹಿಡಿಯೋ ಗಾಜು ಬೇಕು. ಗಾಜು ನಿನ್ನ ಕಸುಬು."

"ಎಂಥ ಗಾಜು?"

"ಮೊಸಳೆಮಡುವಿನ ಬಿಳಿ ಮರಳಿನದು."

ಹೊನ್ನೂರ ಬಳೆಯ ಮಲಾರ ಹೆಗಲಿಗೆ ಹಾಕಿ ಮಡುವಿಗೆ ಹೋದ. ಹೆಣ್ಣು ಮೊಸಳೆ ದಡದಲ್ಲೇ ಮಲಗಿತ್ತು.

"ಏನೋ ಬಳೆಗಾರ, ಊರ ಹೆಂಗಸರ ಕೈ ಎಲ್ಲಾ ಮುಗಿದವಾ? ನನಗೂ ತೊಡಿಸು. ಒಂದು ಒಡೆದರೂ ನಿನ್ನ ಕೈ ನನ್ನದು."

"ಕೈ ಕೊಡವ್ವ," ಅಂದ.

ಎಣ್ಣೆ ಸವರಿದ. ಬೆರಳು ಮಡಚಿ, ಗೆಣ್ಣು ಒತ್ತಿ ಒತ್ತಿ, ಮೆಲ್ಲಗೆ ಏರಿಸಿದ. ಒಂದೂ ಒಡೆಯಲಿಲ್ಲ. ಮೊಸಳೆ ಕೈ ಅಲ್ಲಾಡಿಸಿ ಸದ್ದು ಕೇಳಿತು. ಮರಳು ಕೊಟ್ಟಿತು.

ಆ ಮರಳು ಕರಗಿಸಿ ಉಗುರಗಲದ ಬಿಲ್ಲೆ ಮಾಡಿದ. ಕೂದಲೆಳೆಯಂಥ ಕಾಲುವೆ ಕೊರೆದ. ಕೆಂಚವ್ವ ಬೆರಳಿಗೆ ಸೂಜಿ ಚುಚ್ಚಿಕೊಂಡು ಒಂದು ಹನಿ ಬಿಟ್ಟಳು. ಹನಿ ಹರಿದು ಹೋಯಿತು. ಏನೂ ಉಳಿಯಲಿಲ್ಲ.

"ನೀರಿಗೆ ಕಾಲುವೆ ಸಾಕು. ಕಳ್ಳನಿಗೆ ಬಲೆ ಬೇಕು," ಅಂದಳು ತಿಪ್ಪಕ್ಕ.

ಹೊನ್ನೂರ ಬೆಟ್ಟದ ಗವಿಗೆ ಹೋದ. ಅಲ್ಲಿ ಎಮ್ಮೆಕರುವಿನಷ್ಟು ದೊಡ್ಡ ಜೇಡತಿ ಇದ್ದಳು.

"ನನಗೆ ಕೈ ಇಲ್ಲ, ಎಂಟು ಕಾಲು. ಎಂಟಕ್ಕೂ ತೊಡಿಸು. ಒಂದಕ್ಕೆ ಬಿಗಿಯಾದರೂ ನೀನು ನನ್ನ ಊಟ."

"ಕಾಲು ಕೊಡವ್ವ," ಅಂದ.

ಒಂದೊಂದು ಕಾಲಿಗೂ ಒಂದೊಂದು ಅಳತೆ. ಕಣ್ಣಲ್ಲೇ ಅಳೆದು ಆರಿಸಿದ. ಜೇಡತಿ ಗವಿಯ ತುಂಬ ಓಡಾಡಿ ಬಂದಳು.

"ತಗೋ ಎಳೆ. ಇದು ಇನ್ಯಾವುದಕ್ಕೂ ಅಂಟಲ್ಲ. ಏಡಿರಾಯನ ಗುಳ್ಳೆಗೆ ಮಾತ್ರ."

ಎಳೆಯನ್ನು ಕಾಲುವೆಯಲ್ಲಿ ಹಾಸಿದ. ಕೆಂಚವ್ವ ಹನಿ ಬಿಟ್ಟಳು. ಹನಿ ಹರಿದು ಹೋಯಿತು. ಏನೂ ಕಾಣಲಿಲ್ಲ.

"ಅಂಟಿದ್ದರೂ ಅಂಟಿರಬಹುದು. ಕಾಣೋದು ಹೆಂಗೆ? ಬೆಳಕು ಬೇಕು," ಅಂದಳು ತಿಪ್ಪಕ್ಕ.

ಹೊನ್ನೂರ ಬಿಸಿಲೇ ಬೀಳದ ಹೊಂಗೆಕಾಡಿಗೆ ಹೋದ. ಮಿಣುಕುಹುಳಗಳ ಹಿರಿಯಳು ಅವನ ಮೂಗಿನ ತುದಿಗೆ ಬಂದು ಕೂತಳು. ಅವನು ಮಲಾರ ಇಳಿಸಿದ.

"ಬಳೆ ಬೇಡ ಮಾರಾಯ. ಹೊತ್ತುಕೊಂಡು ಹಾರೋರು ಯಾರು? ದೊಡ್ಡ ಬೆಂಕಿ ಇರೋ ಮನೇಲಿ ನಮ್ಮ ಬೆಳಕು ಉರಿಯಲ್ಲ. ನಿನ್ನ ಭಟ್ಟಿ ಆರಿಸು. ಆಗ ಬರ್ತೀವಿ."

ಬಳೆಗಾರರು ಭಟ್ಟಿ ಆರಲು ಬಿಡುವುದಿಲ್ಲ. ಮನೆಗೆ ಬಂದ ಸೊಸೆ ಹೊತ್ತಿಸಿದ ಬೆಂಕಿ, ಅವಳಿರುವ ತನಕ ಅವಳೇ ಕಾಯುತ್ತಾಳೆ. ಹೊನ್ನೂರನ ಭಟ್ಟಿಯಲ್ಲಿದ್ದದ್ದು ಗಾಳೆವ್ವ ಹೊತ್ತಿಸಿದ್ದು. ಅವಳದು ಅಂತ ಉಳಿದಿದ್ದು ಅದೊಂದೇ ಬೆಂಕಿ.

ಮನೆಗೆ ಬಂದ. ಕೊಡ ಎತ್ತಿಕೊಂಡು ಭಟ್ಟಿಯ ಮುಂದೆ ಕೂತ. ಎಷ್ಟು ಹೊತ್ತು ಕೂತನೋ.

"ಅಪ್ಪಾ, ಬೇಡ ಬಿಡು. ನನಗೇನೂ ಆಗಿಲ್ಲ," ಅಂದಳು ಕೆಂಚವ್ವ.

"ನಿಮ್ಮವ್ವನೂ ಇದನ್ನೇ ಅಂದಿದ್ಲು," ಅಂದ.

ನೀರು ಸುರಿದ. ಭಟ್ಟಿ ಒಂದು ಸಲ ಉಸಿರು ಬಿಟ್ಟು ಸುಮ್ಮನಾಯಿತು. ಅವನು ಬೂದಿಯ ಮೇಲೆ ಕೈಯಿಟ್ಟ. ಬಿಸಿ ಇತ್ತು. ಬಿಸಿ ಹೋಗುವ ತನಕ ಕೈ ತೆಗೆಯಲಿಲ್ಲ.

ಮಿಣುಕುಹುಳಗಳು ಬಂದವು. ಬಿಲ್ಲೆಯ ಮೇಲೆ ತಮ್ಮ ಬೆಳಕು ಉದುರಿಸಿದವು. ಕೆಂಚವ್ವ ಹನಿ ಬಿಟ್ಟಳು. ಹನಿ ಹರಿದು ಹೋಯಿತು. ಎಳೆಯ ಮೇಲೆ ಹಸಿರು ಚುಕ್ಕೆಗಳು ಹೊಳೆದವು. ಒಂದು, ಎರಡು, ಆಮೇಲೆ ಒಂದು ಹಿಡಿ.

ಹೊನ್ನೂರ ಬಿಲ್ಲೆಯನ್ನು ತಿಪ್ಪಕ್ಕನ ಕಡೆ ಸರಿಸಿದ. ತಿಪ್ಪಕ್ಕ ಬಗ್ಗಿ ನೋಡಿದಳು.

"ಚುಕ್ಕೆಯ ಬಣ್ಣವೇ ಅವನ ಜಾಗ ಹೇಳುತ್ತೆ. ಹಸಿರು ಅಂದರೆ ಎಡಗಡೆ, ಎದೆಯ ಕೆಳಗೆ. ಇನ್ನೂ ಎಳ್ಳು. ಮಗಾ, ಮಲಕ್ಕೋ."

ಬೆಳ್ಳಿ ಚಿಮುಟ ತೆಗೆದಳು. ಕೆಂಚವ್ವ ಅಪ್ಪನ ಕೈ ಹಿಡಿದು ಹಲ್ಲು ಕಚ್ಚಿದಳು. ಎಳ್ಳುಕಾಳಿನಷ್ಟು ಕರಿ ಏಡಿ ಚಿಮುಟದ ತುದಿಯಲ್ಲಿ ಕಾಲು ಬಡಿಯಿತು. ತಿಪ್ಪಕ್ಕ ಅದನ್ನು ಸುಣ್ಣದ ಡಬ್ಬಿಗೆ ಹಾಕಿದಳು. ಚುಂಯ್ ಅಂತು, ಹೋಯಿತು.

ಆಮೇಲೆ ಊರೂರಿಗೆ ಅದೇ ಬಿಲ್ಲೆ ಹೋಯಿತು. ಜನ ಸಾಲಾಗಿ ಬಂದು ಬೆರಳು ಕೊಟ್ಟರು. ರಾಣಿಯೂ ಕೊಟ್ಟಳು, ಅಗಸರ ಮುದುಕನೂ ಕೊಟ್ಟ. ಎಲ್ಲೆಲ್ಲಿ ಚುಕ್ಕೆ ಹೊಳೆಯಿತೋ ಅಲ್ಲಲ್ಲಿ ತಿಪ್ಪಕ್ಕನ ಚಿಮುಟ ಹೋಯಿತು. ಏಡಿರಾಯನಿಗೆ ಅಡಗಲು ಮೈ ಸಿಗಲಿಲ್ಲ. ಹೊಳೆಯ ದಂಡೆಗೆ ಓಡಿದ. ಬಿಸಿಲಿಗೆ ಒಣಗಿ ಬರೀ ಚಿಪ್ಪಾಗಿ ಬಿದ್ದ. ದನಗಳು ತುಳಿದುಕೊಂಡು ಹೋದವು.

ಕೆಂಚವ್ವನ ಮದುವೆಯ ದಿನ ಅಪ್ಪನೇ ಬಳೆ ತೊಡಿಸಿದ.

"ಈ ಬಿಲ್ಲೆ ಅವ್ವನ ಕಾಲಕ್ಕೇ ಇದ್ದಿದ್ದರೆ ಅಪ್ಪಾ," ಅಂದಳು.

"ಇದ್ದಿದ್ದರೆ ಮೊದಲು ಅವಳ ಬೆರಳೇ ಹಿಡಿತಿದ್ದೆ," ಅಂದ ಹೊನ್ನೂರ. ಇನ್ನೊಂದು ಕೈ ಕೊಡು ಅಂದ.

ಹೊಂಗೆನಾಡಿನಲ್ಲಿ ಎಲ್ಲರೂ ಸುಖವಾಗಿದ್ದರು. ಹೊನ್ನೂರನೂ ಅವರ ನಡುವೆ ಇದ್ದ.